ಸತ್ತ ಮಂಗನ ಸುದ್ದಿ ಊರು ಮುಟ್ಟುವ ದಾರಿ

ಬಂಡೀಪುರದ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಹೊರಬಿದ್ದದ್ದು 2012ರ ನವೆಂಬರಿನಲ್ಲಿ. ಸತ್ತ ಮಂಗಗಳ ವಿಲೇವಾರಿಗೆ ಕೈಹಾಕಿದ್ದವರು ಕಾಡು ಕಾಯುವ ಕೆಳಹಂತದ ನೌಕರರು. ಅವರಲ್ಲೇ ಕೆಲವರು ಜ್ವರ ಹಿಡಿದು ಮಲಗಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಗೊತ್ತಾದದ್ದು ಮಂಗನ ಕಾಯಿಲೆ. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಈ ಐದು ಜಿಲ್ಲೆಗಳ ಪಾಡು ಎಂದುಕೊಂಡಿದ್ದ ಕಾಯಿಲೆ ಚಾಮರಾಜನಗರ ಜಿಲ್ಲೆಯೊಳಗೆ ಕಾಣಿಸಿಕೊಂಡಿತ್ತು. ಮರುವರ್ಷ ನೀಲಗಿರಿ, ವಯನಾಡು, ಆಮೇಲೆ ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಅದರ ಪಟ್ಟಿ ಉದ್ದವಾಗುತ್ತ ಹೋಯಿತು.

ಬಂಡೀಪುರದ ಕಾಡು ಬಂಡೀಪುರಕ್ಕೇ ಮುಗಿಯುವುದಿಲ್ಲ. ಮುದುಮಲೆ, ಸತ್ಯಮಂಗಲದ ಮೂಲಕ ಹಾದು ಯಳಂದೂರಿನ ಬಿಳಿಗಿರಿರಂಗನ ಬೆಟ್ಟಕ್ಕೆ, ಅಲ್ಲಿಂದ ಹನೂರಿನ ಮಲೆ ಮಹದೇಶ್ವರ ಬೆಟ್ಟಕ್ಕೆ, ಕೊಳ್ಳೇಗಾಲದ ಕಡೆಯ ಕಾವೇರಿ ತೀರಕ್ಕೆ ಹಬ್ಬಿದೆ. ಮಂಗಕ್ಕೂ ಈ ಕಾಯಿಲೆ ಹರಡುವ ಉಣ್ಣೆಗೂ ತಾಲ್ಲೂಕಿನ ಗಡಿ ಗೊತ್ತಿಲ್ಲ. ಹಾಗಾಗಿ ಯಳಂದೂರು, ಹನೂರು, ಕೊಳ್ಳೇಗಾಲ ಈ ಮೂರು ತಾಲ್ಲೂಕುಗಳ ರೋಗ ಕಾವಲಿನ ಕಥೆ ಹೇಳಬೇಕಾದರೆ ಮೊದಲು ಕಾಯಿಲೆ ಹುಟ್ಟಿ ಕಂಡ ಶಿವಮೊಗ್ಗದ ಸೊರಬಕ್ಕೆ ಹೋಗಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಕೋತಿಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜ್ವರ ಎದ್ದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದ ವಿಜ್ಞಾನಿಗಳು ಧಾವಿಸಿದರು. ಅವರ ತಲೆಯಲ್ಲಿದ್ದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಆ ಜ್ವರ ಬರುವ ಮುನ್ನ ಕಾಡಿನ ಮಂಗಗಳು ಸಾಯುತ್ತಿದ್ದವು. ಏಷ್ಯಾದಲ್ಲಿ ಅದು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಸಿಕ್ಕ ವೈರಾಣು ಮಾತ್ರ ಬೇರೆಯೇ ಆಗಿತ್ತು. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ಅದು ಹತ್ತಿರದ ನೆಂಟ. ಸೈಬೀರಿಯಾದಿಂದ ವಲಸೆ ಹಕ್ಕಿಗಳು ತಂದವೇನೋ ಎಂಬ ಗುಮಾನಿಯೂ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಜಾಡು ಹಿಡಿಯುವ ದೊಡ್ಡ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೈಜೋಡಿಸಲು ಅದೂ ಒಂದು ಕಾರಣವಾಯಿತು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಈ ಕಾಯಿಲೆಯ ಬಗ್ಗೆ ವಿಜ್ಞಾನಿ ಹಾರ್ಹೆ ಬೊಶೆಲ್ 1969ರಲ್ಲಿ ಮುಂದಿಟ್ಟ ಮಾತು. ಕಾಡು ಕಡಿದು ಗದ್ದೆ ಮಾಡಿದಂತೆ ದನಗಳು ಹೆಚ್ಚಿದವು. ಬಲಿತ ಉಣ್ಣೆಗೆ ದನದ ರಕ್ತ ಧಾರಾಳವಾಗಿ ಸಿಕ್ಕಿ ಅದರ ಸಂತತಿ ಬೆಳೆಯಿತು. ದನವೇನೂ ವೈರಾಣುವನ್ನು ಮನುಷ್ಯನಿಗೆ ದಾಟಿಸುವುದಿಲ್ಲ, ಉಣ್ಣೆಯನ್ನು ಸಾಕುತ್ತದೆ ಅಷ್ಟೆ. ಮನುಷ್ಯನನ್ನು ಕಚ್ಚುವುದು ಬಹುಪಾಲು ಎಳೆಯ ಉಣ್ಣೆ. ರಾಗಿ ಕಾಳಿನಷ್ಟಿರುವ ಅದು ಮೊಣಕಾಲಿನ ಹಿಂದೆಯೋ ಸೊಂಟದ ಮಡಿಕೆಯಲ್ಲೋ ಕೂತರೆ ಗೊತ್ತೇ ಆಗುವುದಿಲ್ಲ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ತಲೆಸಿಡಿತ, ಮೈಕೈ ನೋವು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟದು.

ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣ್ಣೆಗಳು ಇಳಿದು ಸುತ್ತಲ ತರಗೆಲೆಗೆ ಸೇರುತ್ತವೆ. ಆಮೇಲೆ ಆ ದಾರಿಯಲ್ಲಿ ಸೌದೆಗೆ ಬಂದವರ ಕಾಲೇ ಅವಕ್ಕೆ ಗತಿ. ಮಲೆನಾಡಿನಲ್ಲಿ ದಶಕಗಳ ಸಾವುನೋವಿನಿಂದ ಕಲಿತ ಪದ್ಧತಿ ಈ ಒಂದು ಸಂಗತಿಯ ಮೇಲೆ ನಿಂತಿದೆ. ಸತ್ತ ಮಂಗವನ್ನು ಬರಿಗೈಲಿ ಮುಟ್ಟುವಂತಿಲ್ಲ. ಪಶುವೈದ್ಯರು ಮೈತುಂಬ ರಕ್ಷಣಾ ಉಡುಪು ತೊಟ್ಟು ಅಂಗಾಂಗದ ಮಾದರಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಕಳೇಬರವನ್ನು ಸುಡಬೇಕು. ಸುತ್ತ ಐವತ್ತು ಮೀಟರ್ ಜಾಗಕ್ಕೆ ಮೆಲಾಥಿಯಾನ್ ಪುಡಿ ಎರಚಿ ಜನ, ದನ ಎರಡನ್ನೂ ತಡೆಯಬೇಕು. ಕಾಡಿಗೆ ಹೋಗಲೇಬೇಕಾದವರು ಕೈಕಾಲಿಗೆ ಉಣ್ಣೆ ಹತ್ತದಂತೆ ತಡೆಯುವ ಡೀಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರು ಹುಯ್ದುಕೊಂಡು ಬಟ್ಟೆ ಒಗೆಯಬೇಕು. 1990ರಿಂದ ಹಾಕುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತ ಮೇಲಂತೂ ಈ ಎಚ್ಚರವೇ ಮುಖ್ಯ ಔಷಧಿ. ಬಂಡೀಪುರದಲ್ಲಿ ಮಂಗಗಳನ್ನು ಎತ್ತಿದ ನೌಕರರಿಗೆ ಈ ಪಾಠವನ್ನು ಯಾರಾದರೂ ಮೊದಲೇ ಹೇಳಿಕೊಟ್ಟಿರಬೇಕಿತ್ತು. ಆ ಹೊತ್ತಿಗಾಗಲೇ ಐವತ್ತೈದು ವರ್ಷ ಹಳೆಯದಾಗಿದ್ದ ಪಾಠ ಅದು.

ಇನ್ನು ನಮ್ಮ ಮೂರು ತಾಲ್ಲೂಕುಗಳಿಗೆ ಬಂದರೆ, ಯಳಂದೂರಿನಲ್ಲಿ ಕಾಯಿಲೆಯನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ಹೊಸದಲ್ಲ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು 1981ರಲ್ಲಿ. 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಮೊದಲು ಕೈಗೆತ್ತಿಕೊಂಡದ್ದು ಕುಷ್ಠರೋಗದ ಕೆಲಸ. ಕುಷ್ಠ ಇಲ್ಲಿ ಪ್ರಾಣಿಯಿಂದ ಬರುವ ರೋಗವಲ್ಲ. ಆದರೆ ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ ಆರೋಗ್ಯದವರೇ ಮನೆಬಾಗಿಲಿಗೆ ಹೋಗುವ ರೀತಿ ಈ ನೆಲದಲ್ಲಿ ಬೇರೂರಿದ್ದು ಆಗಲೇ. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆ ಅದಕ್ಕೊಂದು ಸರ್ಕಾರಿ ನಮೂನೆ ಕೊಟ್ಟಿತು. ಆರೋಗ್ಯ ಸಹಾಯಕಿಯ ಲೆಕ್ಕ ಒಂದು ಫಾರಂನಲ್ಲಿ, ವೈದ್ಯರದು ಇನ್ನೊಂದರಲ್ಲಿ, ಪ್ರಯೋಗಾಲಯದ್ದು ಮತ್ತೊಂದರಲ್ಲಿ. ಮನುಷ್ಯರ ಜ್ವರ ಅಲ್ಲಿ ದಾಖಲಾಗುತ್ತದೆ. ಮಂಗ ಸತ್ತದ್ದು ಅರಣ್ಯ ಇಲಾಖೆಯ ಪುಸ್ತಕದಲ್ಲಿ, ದನದ ಕಾಯಿಲೆ ಪಶು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಉಳಿಯುತ್ತದೆ. ಈ ಮೂರು ಪುಸ್ತಕಗಳನ್ನು ಒಟ್ಟಿಗೆ ಓದುವ ಕಣ್ಣು ಬೇಕು.

ಪ್ರಾಣಿಯಿಂದ ಬರುವ ರೋಗಗಳಲ್ಲಿ ಬಯಲಿನ ಊರುಗಳಿಗೆ ಹತ್ತಿರದ ಭಯ ನಾಯಿ ಕಡಿತದ್ದು. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಸೀಮೆಗೆ ರೇಬಿಸ್ ಚಿಕಿತ್ಸೆಯ ಕೇಂದ್ರವೆಂದು ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆದದ್ದು 1907ರಲ್ಲಿ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ, ಹೊಟ್ಟೆಗೆ ದಿನವೂ ಚುಚ್ಚಿಸಿಕೊಳ್ಳಬೇಕಿದ್ದ ಲಸಿಕೆಯ ನೋವನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಅದರ ಬಳಕೆ ನಿಂತದ್ದು 2004ರ ಕೊನೆಗೆ. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಮನುಷ್ಯರ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಅಲ್ಲಿಯವರೆಗೆ ಎಷ್ಟೋ ಸಾವು ಲೆಕ್ಕಕ್ಕೇ ಸಿಗದೆ ಹೋಗಿರಬೇಕು.

ಮತ್ತೆ ಕಾಡಿಗೆ. ಈ ಬೆಟ್ಟಗಳ ಬುಡಕಟ್ಟಿನವರಾದ ಸೋಲಿಗರು ನೆಲ್ಲಿಕಾಯಿ ಕೊಯ್ಯಲು ಹೋಗುವುದು ಚಳಿಗಾಲದಲ್ಲಿ. ಎಳೆಯ ಉಣ್ಣೆ ಹೆಚ್ಚುವುದೂ ಆಗಲೇ, ಡಿಸೆಂಬರಿನಿಂದ ಮೇವರೆಗೆ. ಸತ್ತ ಮಂಗವನ್ನು ಮೊದಲು ಕಾಣುವವರು ಅವರು, ಇಲ್ಲವೇ ಹನೂರಿನ ಕಡೆ ಕಾಡಿನ ದೊಡ್ಡಿಗಳಲ್ಲಿ ದನ ಕೂಡುವವರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, 2011ರಲ್ಲಿ ಅರಣ್ಯ ಹಕ್ಕು ಸಿಕ್ಕಿತು. ಅವರು ಕಾಡಿನಲ್ಲಿ ಓಡಾಡಿದ್ದನ್ನು ಮುಚ್ಚಿಡಬೇಕಿಲ್ಲ. ದನಗಾಹಿಯ ಸ್ಥಿತಿ ಹಾಗಲ್ಲ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷವಿಟ್ಟ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವ ಮಾತು ಜೋರಾಯಿತು. ದನ ಕಾಡಿಗೆ ಹೋಗುವುದು ಕಡಿಮೆಯಾದರೆ ಹುಲಿಗೂ ಒಳ್ಳೆಯದು, ಉಣ್ಣೆಯೂ ತಗ್ಗೀತು, ಒಪ್ಪೋಣ. ಆದರೆ ಕೇಸು ಬೀಳುತ್ತದೆ ಎಂದು ಹೆದರಿದವನು ದೊಡ್ಡಿಯ ಹತ್ತಿರ ಮಂಗ ಬಿದ್ದದ್ದನ್ನು ಕಂಡರೂ ರೇಂಜ್ ಆಫೀಸಿಗೆ ಹೇಳುವುದಿಲ್ಲ. ಜ್ವರ ಬಂದರೂ ಎಲ್ಲಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ನಿಜ ಹೇಳಲು ಅಳುಕುತ್ತಾನೆ. ಸತ್ತ ಮಂಗನ ಸುದ್ದಿ ತಂದವನನ್ನು ನೀನೇಕೆ ಅಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ ಎಂಬ ಭರವಸೆಯನ್ನು ಅರಣ್ಯ ಇಲಾಖೆ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಕೊಡಬೇಕು. ಅದನ್ನು ಪ್ರತಿ ಪೋಡು, ಪ್ರತಿ ದೊಡ್ಡಿಗೂ ನೆಲ್ಲಿ ಕೊಯ್ಲಿಗೆ ಮುಂಚೆಯೇ ಮುಟ್ಟಿಸಬೇಕು.