ಎಣ್ಣೆಯ ಕಮಟು, ಪ್ರೋಟೀನಿನ ಪಾಡು

ಹಳತಾದ ಎಣ್ಣೆಯ ವಾಸನೆಗೆ ಕನ್ನಡದಲ್ಲಿ ‘ಕಮಟು’ ಎಂಬ ಪುಟ್ಟ ಪದವಿದೆ. ಮುಗ್ಗು ಕಾಳಿನದು, ಹಳಸು ಅನ್ನದ್ದು, ಕಮಟು ಎಣ್ಣೆ ಕೊಬ್ಬರಿಗಳದ್ದು. ಪದಾರ್ಥಗಳು ಕೆಡುವ ಬಗೆಗಳನ್ನು ನಮ್ಮ ಹಿರಿಯರು ಮೂಗಿನಿಂದಲೇ ವಿಂಗಡಿಸಿ ಹೆಸರಿಟ್ಟಿದ್ದರು. ಕನ್ನಡ ಪಾಠ ಹೇಳಿ ಕಾಲ ಕಳೆದ ನನಗೆ ಇಂಥ ಪದಗಳ ಮೇಲೆ ಸಹಜವಾಗಿಯೇ ಮಮತೆ. ಆದರೆ ಇಂದಿನ ಮಾತು ಭಾಷೆಯನ್ನು ಕುರಿತದ್ದಲ್ಲ. ಕಮಟಿಗೆ ಕಾರಣವಾದ ರಾಸಾಯನಿಕ ಕ್ರಿಯೆ ನಮ್ಮ ಶರೀರದ ಜೀವಕೋಶಗಳಲ್ಲಿಯೂ ನಡೆಯುತ್ತದೆ. ಅಲ್ಲಿ ಹುಟ್ಟಿದ ವಸ್ತುಗಳು ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ರೂಪವನ್ನೂ ಕೆಲಸವನ್ನೂ ಕೆಡಿಸುತ್ತವೆ. ಅದು ಹೇಗೆಂಬುದನ್ನು ಸ್ವಲ್ಪ ವಿಚಾರಮಾಡೋಣ.

ಬಸವಕಲ್ಯಾಣ, ಹುಮನಾಬಾದು ಸೀಮೆಯ ಮೋರಖಂಡಿಯಂಥ ಹಳ್ಳಿಗಳಿಗೆ ಈ ವಿಷಯ ದೂರದ್ದೇನಲ್ಲ. ಹಿಂಗಾರಿ ಜೋಳದ ನಡುವೆ ಕುಸುಬೆಯ ಸಾಲು ಹಾಕುವುದು, ದನ ನುಗ್ಗದಂತೆ ಹೊಲದ ಅಂಚಿಗೂ ಆ ಮುಳ್ಳಿನ ಗಿಡವನ್ನೇ ಬೆಳೆಸುವುದು, ರೊಟ್ಟಿಯ ಜೊತೆಗೆ ಅಗಸೆಯ ಹಿಂಡಿ ತಿನ್ನುವುದು ಉತ್ತರ ಕರ್ನಾಟಕದ ಹಳೆಯ ವಾಡಿಕೆ. ಕುಸುಬೆಯ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಅಗಸೆಯ ಎಣ್ಣೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಮಿಗಿಲಾಗಿ ಲಿನೋಲೆನಿಕ್ ಆಮ್ಲ. ಇವೆರಡನ್ನೂ ಶರೀರ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಜೀವಕೋಶದ ಪೊರೆ ಮೃದುವಾಗಿ, ಹರಿದಾಡುವ ಗುಣವುಳ್ಳದ್ದಾಗಿ ಇರಬೇಕಾದರೆ ಇಂಥ ಕೊಬ್ಬಿನ ಆಮ್ಲಗಳು ಬೇಕೇ ಬೇಕು.

ಈ ಮೃದುತ್ವಕ್ಕೆ ಕಾರಣ ಆ ಆಮ್ಲಗಳ ಸರಪಳಿಯಲ್ಲಿರುವ ಜೋಡಿಬಂಧಗಳು. ಲಿನೋಲಿಯಿಕ್ ಆಮ್ಲವು 18 ಇಂಗಾಲಗಳ ಸರಪಳಿ. ಅದರಲ್ಲಿ ಎರಡು ಜೋಡಿಬಂಧಗಳಿವೆ. ಲಿನೋಲೆನಿಕ್ ಆಮ್ಲದಲ್ಲಿ ಮೂರು. ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಮೇಲಿನ ಜಲಜನಕ ಬಹಳ ಸಡಿಲ. ರ‍್ಯಾಡಿಕಲ್ ಎಂಬ ಚಂಚಲ ಕಣವೊಂದು ಅದನ್ನು ಕಿತ್ತುಕೊಂಡರೆ, ತೆರವಾದ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಹೀಗೆ ಕೆಟ್ಟ ಆಮ್ಲವು ನೆರೆಯ ಆಮ್ಲದಿಂದ ಜಲಜನಕವನ್ನು ಕೀಳುತ್ತದೆ; ಅದು ಮತ್ತೊಂದರಿಂದ. ಬಣವೆಗೆ ಬಿದ್ದ ಕಿಡಿಯಂತೆ ಇದು ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಶಾಖ, ಬೆಳಕು, ಕಬ್ಬಿಣ ಮತ್ತು ತಾಮ್ರದ ಕಣಗಳು ಇದಕ್ಕೆ ಒತ್ತಾಸೆಯಾಗುತ್ತವೆ. ಕೊಬ್ಬನ್ನು ಮೃದುಗೊಳಿಸುವ ಜೋಡಿಬಂಧವೇ ಅದನ್ನು ಬೇಗ ಕೆಡುವಂತೆಯೂ ಮಾಡುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಹೀಗೆ ಆಮ್ಲಜನಕ ಸೇರಿದ ಸರಪಳಿ ಬಹುಕಾಲ ನಿಲ್ಲಲಾರದೆ ತುಂಡಾಗುತ್ತದೆ. ಆ ತುಂಡುಗಳಲ್ಲಿ ಆಲ್ಡಿಹೈಡುಗಳೆಂಬ ವರ್ಗ ಮುಖ್ಯವಾದದ್ದು. ಎಣ್ಣೆಯ ಕಮಟು ವಾಸನೆ ಬಹುಮಟ್ಟಿಗೆ ಇವುಗಳದೇ. ಮೂರು ಇಂಗಾಲಗಳ ಮ್ಯಾಲೊನ್‌ಡೈಆಲ್ಡಿಹೈಡ್ ಒಂದು. ಒಂಬತ್ತು ಇಂಗಾಲಗಳ 4-ಹೈಡ್ರಾಕ್ಸಿನೊನೆನಾಲ್ ಇನ್ನೊಂದು. ಯಕೃತ್ತಿನ ಕೊಬ್ಬು ಹೀಗೆ ಕೆಟ್ಟಾಗ ಹುಟ್ಟುವ ವಿಷವಸ್ತು ಈ ಎರಡನೆಯದೆಂದು 1980ರಲ್ಲಿ ಇಟಲಿಯ ಬೆನೆಡೆಟ್ಟಿ, ಕೊಂಪೋರ್ಟಿ ಹಾಗೂ ಆಸ್ಟ್ರಿಯದ ಎಸ್ಟರ್‌ಬಾವರ್ ಗುರುತಿಸಿದರು. ರ‍್ಯಾಡಿಕಲ್ಲಿನ ಆಯುಷ್ಯ ಕ್ಷಣದ ಒಂದು ಅಲ್ಪಾಂಶ. ಹುಟ್ಟಿದೆಡೆಯಲ್ಲೇ ಅದು ತೀರುತ್ತದೆ. ಆಲ್ಡಿಹೈಡು ಹಾಗಲ್ಲ. ಅದು ಪೊರೆಯಿಂದ ಹೊರಟು ಜೀವಕೋಶದ ಒಳಗೆಲ್ಲ ಸಂಚರಿಸಬಲ್ಲದು.

ಸಂಚರಿಸುತ್ತ ಅದು ಎದುರಿಗೆ ಸಿಕ್ಕ ಪ್ರೋಟೀನನ್ನು ಹಿಡಿಯುತ್ತದೆ. ಪ್ರೋಟೀನೆಂಬುದು ಅಮೈನೋ ಆಮ್ಲಗಳ ಮಾಲೆ. ಅದರಲ್ಲಿ ಸಿಸ್ಟೀನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರು ಮಣಿಗಳು ಆಲ್ಡಿಹೈಡಿಗೆ ಸುಲಭವಾಗಿ ಸಿಕ್ಕುತ್ತವೆ. ಕಿಣ್ವವೊಂದು ಕೆಲಸ ಮಾಡುವ ಜಾಗದಲ್ಲಿಯೇ ಇಂಥ ಸಿಸ್ಟೀನ್ ಇದ್ದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ. ಕೆಲವೊಮ್ಮೆ ಒಂದೇ ಆಲ್ಡಿಹೈಡು ಎರಡು ಪ್ರೋಟೀನುಗಳನ್ನು ಒಟ್ಟಿಗೆ ಬೆಸೆಯುತ್ತದೆ. ಸಾಧಾರಣವಾಗಿ ಕೆಟ್ಟ ಪ್ರೋಟೀನನ್ನು ಕತ್ತರಿಸಿ ವಿಲೇವಾರಿ ಮಾಡುವ ವ್ಯವಸ್ಥೆ ಜೀವಕೋಶದಲ್ಲಿದೆ. ಆದರೆ ಹೀಗೆ ಗಂಟುಬಿದ್ದ ಪ್ರೋಟೀನುಗಳು ಅದಕ್ಕೆ ಬಗ್ಗದೆ, ಆ ವ್ಯವಸ್ಥೆಗೇ ತೊಡಕಾಗುತ್ತವೆ.

ಇದಕ್ಕೆ ಬಹಳ ಪರಿಶೀಲನೆಗೆ ಒಳಗಾದ ನಿದರ್ಶನ ರಕ್ತನಾಳದ್ದು. ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ ಎಲ್.ಡಿ.ಎಲ್. ಕಣದ ಮೈಯಲ್ಲಿ ದೊಡ್ಡದೊಂದು ಪ್ರೋಟೀನಿದೆ. ಆಲ್ಡಿಹೈಡುಗಳು ಅದರ ಲೈಸಿನ್ನುಗಳಿಗೆ ಅಂಟಿದರೆ ಅದರ ಗುರುತೇ ಬದಲಾಗುತ್ತದೆ. ಆಗ ನಾಳದ ಗೋಡೆಯಲ್ಲಿರುವ ಮ್ಯಾಕ್ರೊಫೇಜ್ ಕೋಶಗಳು ಅದನ್ನು ಮಿತಿಯಿಲ್ಲದೆ ನುಂಗಿ, ಕೊಬ್ಬು ತುಂಬಿ, ನೊರೆಯಂತೆ ಉಬ್ಬುತ್ತವೆ. ನಾಳ ಕಟ್ಟಿಕೊಳ್ಳುವುದರ ಮೊದಲ ಹೆಜ್ಜೆಗಳಲ್ಲಿ ಇದೂ ಒಂದೆಂಬ ವಾದವನ್ನು ಅಮೆರಿಕದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ವಿಸ್ತಾರವಾಗಿ ಮಂಡಿಸಿದರು.

ಶರೀರವೇನೂ ಕೈಕಟ್ಟಿ ಕುಳಿತಿಲ್ಲ. ಪೊರೆಯಲ್ಲಿರುವ ‘ಇ’ ಜೀವಸತ್ವ ಕಿಡಿ ಹಬ್ಬುವುದನ್ನು ತಡೆಯುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಆಲ್ಡಿಹೈಡನ್ನು ತನಗೇ ಅಂಟಿಸಿಕೊಂಡು ಹೊರಸಾಗಿಸುತ್ತದೆ. ಆಲ್ಡಿಹೈಡು ಅತ್ಯಲ್ಪ ಪ್ರಮಾಣದಲ್ಲಿದ್ದಾಗ ಕೀಪ್-1 ಎಂಬ ಪ್ರೋಟೀನಿಗೆ ತಗುಲಿ, ಈ ರಕ್ಷಣೆಯನ್ನು ಎಚ್ಚರಿಸುವ ಕರೆಯೂ ಆಗುತ್ತದೆ. ಹಾಗಾದರೆ ‘ಇ’ ಜೀವಸತ್ವದ ಗುಳಿಗೆ ನುಂಗಿದರೆ ಸಾಕಲ್ಲವೆ ಎಂದು ಕೇಳಬಹುದು. 9,500ಕ್ಕೂ ಹೆಚ್ಚು ಜನರಿಗೆ ಸುಮಾರು ನಾಲ್ಕೂವರೆ ವರ್ಷ ಅದನ್ನೋ ಅದರಂತೆ ಕಾಣುವ ಬರಿಯ ಗುಳಿಗೆಯನ್ನೋ ಕೊಟ್ಟು ನಡೆಸಿದ ‘ಹೋಪ್’ ಪರೀಕ್ಷೆಯ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಜೀವಸತ್ವದಿಂದ ಹೃದ್ರೋಗವೇನೂ ಕಡಿಮೆಯಾಗಿರಲಿಲ್ಲ. ಗುಳಿಗೆಯನ್ನು ನಂಬಿ ಎಣ್ಣೆಯ ವಿಷಯದಲ್ಲಿ ಉದಾಸೀನರಾಗುವಂತಿಲ್ಲ.

ಆದುದರಿಂದ ಗಮನ ಮತ್ತೆ ಬಾಣಲೆಯತ್ತ ಹರಿಯಬೇಕು. ಎಣ್ಣೆಯನ್ನು ಪದೇ ಪದೇ ಕಾಯಿಸಿದಂತೆಲ್ಲ ಅದರಲ್ಲಿ ಆಲ್ಡಿಹೈಡುಗಳು ಹೆಚ್ಚುತ್ತವೆ. ಕರಿದ ತಿಂಡಿಯೊಡನೆ ಹೊಟ್ಟೆಗೂ ಸೇರುತ್ತವೆ. ಮಿರ್ಚಿ ಬಜ್ಜಿಯ ಖಾರದಲ್ಲಿ ಕಮಟು ಮುಚ್ಚಿಹೋಗುವುದರಿಂದ ಮೂಗನ್ನು ಮಾತ್ರ ನೆಚ್ಚುವಂತಿಲ್ಲ. ಕುಸುಬೆ ಎಣ್ಣೆ ಒಗ್ಗರಣೆಗೆ, ಪಲ್ಯಕ್ಕೆ ಒಳ್ಳೆಯದು. ಮತ್ತೆ ಮತ್ತೆ ಕರಿಯುವುದಕ್ಕೆ ತಕ್ಕದ್ದಲ್ಲ. ಸೇಂಗಾ ಎಣ್ಣೆ ಅದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಅಗಸೆಯನ್ನು ಕಾಳಾಗಿಯೇ ಇಟ್ಟುಕೊಂಡು ಬೇಕಾದಷ್ಟನ್ನೇ ಕುಟ್ಟಿಕೊಳ್ಳುವುದು ಲೇಸು. ಇಡಿಯ ಕಾಳಿನೊಳಗಿನ ಎಣ್ಣೆಗೆ ಗಾಳಿಯ ಸೋಂಕು ಕಡಿಮೆ. ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಕೊಂಡು, ಬಾಯಿ ಮುಚ್ಚಿ ಕತ್ತಲಲ್ಲಿಡಬೇಕು.

ಮನೆಯಲ್ಲಿ ಇಷ್ಟನ್ನು ಪಾಲಿಸುವುದು ಕಷ್ಟವಲ್ಲ. ಸಂತೆಯಲ್ಲಿ ಬಜ್ಜಿ ಕರಿದು ಬದುಕುವವನ ಮಾತು ಬೇರೆ. ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂಬ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದೇ ವರ್ಷದ ಆಗಸ್ಟಿನಲ್ಲಿ, ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆಯೂ ಆರಂಭವಾಯಿತು. ಬಾಣಲೆಯ ತಳದ ಎಣ್ಣೆಯನ್ನು ಚೆಲ್ಲುವುದೆಂದರೆ ಆ ದಿನದ ಲಾಭವನ್ನೇ ಚೆಲ್ಲಿದಂತೆ ಎನ್ನುವವನಿಗೆ ನಿಯಮವನ್ನು ಓದಿ ಹೇಳಿ ಫಲವಿಲ್ಲ. ಅವನ ಹಳೆಯ ಎಣ್ಣೆಗೆ ಊರಿನಲ್ಲೇ ಒಂದು ಬೆಲೆ ಸಿಕ್ಕುವ ಏರ್ಪಾಡಾದರೆ, ಅದು ಮರುದಿನದ ಬಜ್ಜಿಗೆ ಹೋಗುವುದು ತಪ್ಪೀತು. ತಾಲ್ಲೂಕಿನ ಸಂತೆಗಳವರೆಗೂ ಆ ಏರ್ಪಾಡು ಬರಬೇಕೆಂಬುದು ನನ್ನ ಅಪೇಕ್ಷೆ.