ತೆರೆದ ಬ್ಯಾಂಕಿಂಗ್ ಮತ್ತು ಬ್ಯಾಂಕುಗಳ ಹೊಸ ಆದಾಯ

ಬ್ಯಾಂಕಿನ ಆದಾಯಕ್ಕೆ ಮೂಲಗಳು ಎರಡೆಂದು ನಮ್ಮ ಪಠ್ಯಗ್ರಂಥಗಳು ಹೇಳುತ್ತ ಬಂದಿವೆ: ಠೇವಣಿಗೆ ಕೊಡುವ ಬಡ್ಡಿಗೂ ಸಾಲಕ್ಕೆ ಪಡೆಯುವ ಬಡ್ಡಿಗೂ ಇರುವ ಅಂತರ ಒಂದು, ಗಿರಾಕಿಗೆ ಸಲ್ಲಿಸಿದ ಸೇವೆಗೆ ತೆಗೆದುಕೊಳ್ಳುವ ಶುಲ್ಕ ಮತ್ತೊಂದು. ಲೆಕ್ಕದ ಪುಸ್ತಕವನ್ನು ಹೊರಗಿನವರಿಗೆ ತೆರೆಯುವುದರಿಂದಲೂ ಹಣ ಬಂದೀತೆಂಬ ಮಾತು ಹಳೆಯ ಕಾಲದ ಬ್ಯಾಂಕರನಿಗೆ ವಿಪರೀತವೆಂದೇ ತೋರುತ್ತಿತ್ತು. ಗಿರಾಕಿಯ ಲೆಕ್ಕವನ್ನು ಗುಟ್ಟಾಗಿಡುವುದು ಅವನ ಕಸುಬಿನ ಮೊದಲನೆಯ ಧರ್ಮವಷ್ಟೆ. ಆ ಲೆಕ್ಕವನ್ನು ಗಿರಾಕಿಯ ಒಪ್ಪಿಗೆಯ ಮೇರೆಗೆ ಮಾತ್ರ, ಅವನು ಸೂಚಿಸಿದ ಸಂಸ್ಥೆಗೆ ಮಾತ್ರ ಒದಗಿಸುವ ಪದ್ಧತಿಗೆ ‘ತೆರೆದ ಬ್ಯಾಂಕಿಂಗ್’ ಎಂದು ಹೆಸರು.

ಇದರ ಸಾಧನ ಎ.ಪಿ.ಐ. ಎಂಬುದು. ಒಂದು ಸಂಸ್ಥೆಯ ಗಣಕಯಂತ್ರವು ಮತ್ತೊಂದರ ಗಣಕಯಂತ್ರವನ್ನು ಯಾವ ರೀತಿಯಲ್ಲಿ ಏನನ್ನು ಕೇಳಬಹುದು, ಅದು ಯಾವ ರೂಪದಲ್ಲಿ ಉತ್ತರ ಕೊಡಬೇಕು ಎಂದು ಮೊದಲೇ ಗೊತ್ತುಮಾಡಿದ ಏರ್ಪಾಡು ಇದು. ಗುಮಾಸ್ತನ ಮುಂದಿರುವ ಕಿಂಡಿಗೆ ಇದನ್ನು ಹೋಲಿಸಬಹುದು. ಚೀಟಿ ಒಳಹೋಗುತ್ತದೆ, ಉತ್ತರ ಹೊರಬರುತ್ತದೆ. ಕೇಳಿದವನು ಒಳಗೆ ಕಾಲಿಡುವಂತಿಲ್ಲ. ಇಂಥ ಕಿಂಡಿ ಇಲ್ಲದಿದ್ದಾಗ ಗಿರಾಕಿಗಳು ತಮ್ಮ ಗುಪ್ತಪದವನ್ನೇ ಮೂರನೆಯವರಿಗೆ ಒಪ್ಪಿಸುತ್ತಿದ್ದುದುಂಟು. ಅದು ಮನೆಯ ಬೀಗದ ಕೈಯನ್ನೇ ಕೊಟ್ಟಂತೆ.

ಬ್ರಿಟನ್ನಿನಲ್ಲಿ ಈ ಕಿಂಡಿಯನ್ನು ತೆರೆಸಿದುದು ಕಾಯಿದೆ. ಹಳೆಯ ದೊಡ್ಡ ಬ್ಯಾಂಕುಗಳು ಗಿರಾಕಿಗಳಿಗಾಗಿ ಸಾಕಷ್ಟು ಪೈಪೋಟಿ ನಡೆಸುತ್ತಿಲ್ಲವೆಂದು ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು ೨೦೧೬ರಲ್ಲಿ ತೀರ್ಮಾನಿಸಿ, ೨೦೧೭ರಲ್ಲಿ ೯ ಬ್ಯಾಂಕುಗಳಿಗೆ ಆಜ್ಞೆ ಹೊರಡಿಸಿತು. ೨೦೧೮ರ ಜನವರಿಯಲ್ಲಿ ಸೇವೆ ಮೊದಲಾಯಿತು. ಲೆಕ್ಕವನ್ನು ತೋರಿಸುವುದು, ಗಿರಾಕಿಯ ಸೂಚನೆಯಂತೆ ಹಣ ಸಲ್ಲಿಸುವುದು, ಈ ಎರಡಕ್ಕೂ ಬ್ಯಾಂಕು ಹೊರಗಿನ ಸಂಸ್ಥೆಯಿಂದ ಬೆಲೆ ಕೇಳುವಂತಿರಲಿಲ್ಲ. ವೆಚ್ಚ ಬ್ಯಾಂಕಿನದು, ಲಾಭ ಇತರರದು ಎಂಬ ದೂರು ಹುಟ್ಟಿದುದು ಸಹಜವೇ. ಹಾಗಾದರೆ ಆದಾಯವೆಲ್ಲಿ ಬಂತು?

ಕಾಯಿದೆ ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ಬಂತು. ಬ್ರಿಟನ್ನಿನ ಒಂದು ಬಗೆಯ ಪಾವತಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಗಿರಾಕಿಯು ಒಮ್ಮೆ ಒಪ್ಪಿಗೆಯಿತ್ತು, ಇಷ್ಟಕ್ಕೆ ಮೀರಬಾರದೆಂದು ಮಿತಿಯನ್ನು ವಿಧಿಸಿದರೆ, ಆ ಮಿತಿಯೊಳಗೆ ಬೇರೆ ಬೇರೆ ಮೊತ್ತಗಳು ಆಗಾಗ ಅವನ ಖಾತೆಯಿಂದ ಸಂದಾಯವಾಗುತ್ತವೆ. ತನ್ನ ಒಂದು ಖಾತೆಯಿಂದ ತನ್ನದೇ ಇನ್ನೊಂದು ಖಾತೆಗೆ ಹೀಗೆ ಹಣ ಹೋಗುವುದಾದರೆ ಆ ೯ ಬ್ಯಾಂಕುಗಳು ಅದನ್ನು ಉಚಿತವಾಗಿ ಒದಗಿಸಬೇಕೆಂದು ೨೦೨೧ರಲ್ಲಿ ವಿಧಿಸಲಾಯಿತು. ವಿದ್ಯುತ್ತಿನ ಬಿಲ್ಲಿಗೋ ಅಂಗಡಿಗೋ ಹೋಗುವುದಾದರೆ ಆ ಕಟ್ಟುಪಾಡಿಲ್ಲ. ಒಪ್ಪಂದ ಮಾಡಿಕೊಂಡು ಶುಲ್ಕ ಪಡೆಯಬಹುದು. ಯಂತ್ರ ಒಂದೇ, ಕಿಂಡಿ ಒಂದೇ. ಬೆಲೆ ಮಾತ್ರ ಬೇರೆ. ಕಾರ್ಡಿನ ಪಾವತಿಗೆ ತೆರಬೇಕಾದುದಕ್ಕಿಂತ ಇದು ಅಗ್ಗವಾಗುವುದಾದರೆ ವರ್ತಕನು ಸಂತೋಷದಿಂದಲೇ ಕೊಡುತ್ತಾನೆ. ಆದರೆ ಕಾರ್ಡಿನ ಶುಲ್ಕದಲ್ಲಿ ಒಂದು ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೇ ಸೇರುವುದೆಂಬುದನ್ನು ಮರೆಯಬಾರದು. ಹೊಸ ಆದಾಯವು ಹಳೆಯ ಆದಾಯವನ್ನು ತಿಂದುಹಾಕುವ ಸಂಭವವಿರುವಾಗ ಬ್ಯಾಂಕುಗಳು ಈ ವಿಷಯದಲ್ಲಿ ತ್ವರೆ ತೋರದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಅಮೆರಿಕದಲ್ಲಿ ನಡೆದುದು ಬೇರೆ. ಡೆಬಿಟ್ ಕಾರ್ಡಿನ ಶುಲ್ಕಕ್ಕೆ ೨೦೧೦ರ ಕಾಯಿದೆ ವಿಧಿಸಿದ ಮಿತಿಯಿಂದ ೧೦೦೦ ಕೋಟಿ ಡಾಲರಿಗಿಂತ ಕಡಿಮೆ ಆಸ್ತಿಯುಳ್ಳ ಬ್ಯಾಂಕುಗಳಿಗೆ ವಿನಾಯಿತಿಯುಂಟು. ಇದನ್ನು ಕಂಡು ಹಲವು ಸಣ್ಣ ಬ್ಯಾಂಕುಗಳು ತಮ್ಮ ಖಾತೆ ಮತ್ತು ಕಾರ್ಡಿನ ಸೌಲಭ್ಯವನ್ನು ಎ.ಪಿ.ಐ.ಗಳ ಮೂಲಕ ಹೊಸ ಕಂಪನಿಗಳಿಗೆ ಒದಗಿಸಿ, ಬಂದ ಶುಲ್ಕವನ್ನು ಹಂಚಿಕೊಂಡವು. ನಡುವೆ ನಿಂತಿದ್ದ ಸಿನಾಪ್ಸ್ ಎಂಬ ಮಧ್ಯವರ್ತಿ ಸಂಸ್ಥೆ ೨೦೨೪ರ ಏಪ್ರಿಲಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಪುಸ್ತಕಕ್ಕೂ ಬ್ಯಾಂಕುಗಳ ಪುಸ್ತಕಕ್ಕೂ ತಾಳೆಯಾಗಲಿಲ್ಲ; ೬.೫ ಕೋಟಿಯಿಂದ ೯.೬ ಕೋಟಿ ಡಾಲರಿನವರೆಗೆ ಕೊರತೆಯಿರಬಹುದೆಂದು ನ್ಯಾಯಾಲಯದ ಮೂಲಕ ನೇಮಕವಾದ ಅಧಿಕಾರಿ ಅಂದಾಜು ಮಾಡಿದರು. ಉಳಿತಾಯದ ಹಣವಿಟ್ಟಿದ್ದ ಸಾಮಾನ್ಯರು ತಿಂಗಳುಗಟ್ಟಲೆ ಅದನ್ನು ಪಡೆಯಲಾರದೆ ಹೋದರು. ಕಿಂಡಿಯನ್ನು ಬಾಡಿಗೆಗೆ ಕೊಡುವುದು ಒಂದು, ಯಾರ ಹಣ ಎಷ್ಟೆಂದು ಬರೆದಿಡುವ ಕೆಲಸವನ್ನೇ ಬಿಟ್ಟುಕೊಡುವುದು ಇನ್ನೊಂದು.

ಲೆಕ್ಕವನ್ನು ತೋರಿಸುವುದಕ್ಕೇ ಬೆಲೆ ಕಟ್ಟುವ ಪ್ರಯತ್ನವೂ ಅಲ್ಲಿ ನಡೆದಿದೆ. ಅಂಥ ಶುಲ್ಕ ಕೂಡದೆಂದು ೨೦೨೪ರ ಅಕ್ಟೋಬರಿನಲ್ಲಿ ಹೊರಟ ನಿಯಮವನ್ನು ೨೦೨೫ರಲ್ಲಿ ಪುನಃ ಪರಿಶೀಲನೆಗೆ ಎತ್ತಿಕೊಳ್ಳಲಾಯಿತು. ಅದೇ ವರ್ಷ ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕು, ಮಾಹಿತಿಯನ್ನು ಸಂಗ್ರಹಿಸಿ ಒದಗಿಸುವ ಪ್ಲೈಡ್ ಸಂಸ್ಥೆಯೊಡನೆ ಶುಲ್ಕದ ಒಪ್ಪಂದ ಮಾಡಿಕೊಂಡಿತು. ಕಾಪಾಡುವ ವೆಚ್ಚ ತನ್ನದೆಂದು ಬ್ಯಾಂಕು ವಾದಿಸಬಹುದು. ಲೆಕ್ಕ ಗಿರಾಕಿಯದು ಎಂಬ ಉತ್ತರವೇ ನನಗೆ ಹೆಚ್ಚು ಬಲವುಳ್ಳದ್ದಾಗಿ ತೋರುತ್ತದೆ.

ಭಾರತದ ಏರ್ಪಾಡಿನಲ್ಲಿ ರಿಸರ್ವ್ ಬ್ಯಾಂಕಿನ ೨೦೧೬ರ ನಿರ್ದೇಶನದಂತೆ ಅಕೌಂಟ್ ಅಗ್ರಿಗೇಟರ್ ಎಂಬ ಪ್ರತ್ಯೇಕ ಸಂಸ್ಥೆಗಳುಂಟು; ೨೦೨೧ರ ಸೆಪ್ಟೆಂಬರಿನಲ್ಲಿ ಇದು ಕಾರ್ಯರೂಪಕ್ಕೆ ಬಂತು. ಈ ಸಂಸ್ಥೆಯು ಮೊಹರು ಮಾಡಿದ ಲಕೋಟೆಯನ್ನು ಒಯ್ಯುವ ಟಪ್ಪಾಲಿನವನಂತೆ; ಒಳಗಿನದನ್ನು ಓದುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಇಲ್ಲಿ ಬ್ಯಾಂಕು ಕೊಡುವವನೂ ಹೌದು, ಕೇಳುವವನೂ ಹೌದು. ದಿನದ ವ್ಯಾಪಾರ ಚೆನ್ನಾಗಿದ್ದರೂ ಅಡವಿಡಲು ಆಸ್ತಿಯಿಲ್ಲದ ಅಂಗಡಿಯವನು ಇನ್ನೊಂದು ಬ್ಯಾಂಕಿನಲ್ಲಿರುವ ತನ್ನ ಖಾತೆಯ ಜಮಾಖರ್ಚನ್ನು ತೋರಿಸಲು ಒಪ್ಪಿದರೆ, ಅದನ್ನು ನೋಡಿ ಸಾಲ ಮಂಜೂರು ಮಾಡಬಹುದು. ಹೀಗೆ ಬಂದ ಆದಾಯ ಬ್ಯಾಂಕಿನ ಲೆಕ್ಕದಲ್ಲಿ ಸೇರುವುದು ಬಡ್ಡಿಯ ಬಾಬಿನಲ್ಲಿಯೇ.