ಊರಿನ ಸೇವಾ ಕಟ್ಟಡಗಳಿಗೆ ಹಣ: ಎಲ್ಲಿಂದ, ಹೇಗೆ?



ಕಳೆದ ಮಳೆಗಾಲದಲ್ಲಿ, ಪುನರ್ವಸು ಮಳೆ ಹಿಡಿದ ಮೂರನೆಯ ದಿನ, ನಮ್ಮ ಮಹಿಳಾ ಸಮಾಜದ ಹಳೆಯ ಕಟ್ಟಡದ ಮಾಡು ಒಂದು ಮೂಲೆಯಲ್ಲಿ ಕುಸಿಯಿತು. ಆ ಹೊತ್ತು ಒಳಗೆ ಯಾರೂ ಇರಲಿಲ್ಲವೆಂಬುದು ದೇವರ ದಯೆ. ಅಲ್ಲಿ ನಡೆಯುತ್ತಿದ್ದ ಅಂಗನವಾಡಿಯ ಮಕ್ಕಳನ್ನು ಹದಿನೈದು ದಿನ ನಮ್ಮ ಸಂಘದ ಗೋದಾಮಿನಲ್ಲಿ ಕೂರಿಸಬೇಕಾಯಿತು. ಒಂದು ಕಡೆ ಮೆಣಸಿನ ಚೀಲ, ಇನ್ನೊಂದು ಕಡೆ ಗೊಬ್ಬರದ ಚೀಲ, ನಡುವೆ ಮಕ್ಕಳು. ಮೈಲುತುತ್ತದ ದಾಸ್ತಾನನ್ನು ಬೇರೆ ಕೋಣೆಗೆ ಸಾಗಿಸಿ ಬೀಗ ಹಾಕಿದ ಮೇಲಷ್ಟೇ ನಮಗೆ ಸಮಾಧಾನವಾಯಿತು.

ಅಂದಿನಿಂದ ಸದಸ್ಯರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಸಂಘವೇ ಒಂದು ಹೊಸ ಕಟ್ಟಡ ಕಟ್ಟಿಸಿಕೊಡಲಿ ಎನ್ನುವವರು ಕೆಲವರು. ಅದು ಸರ್ಕಾರದ ಕೆಲಸ, ಬೆಳೆಗಾರರ ಹಣ ಅದಕ್ಕೆ ಹೋಗಬಾರದು ಎನ್ನುವವರು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಬರುವ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿರುವುದರಿಂದ, ಇಂಥ ಕೆಲಸಗಳಿಗೆ ಹಣ ಹೇಗೆ ಕೂಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಇದು ನಮ್ಮ ಕೆಲಸವೇ?

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದ ತೋಟಗಳಲ್ಲಿ ಶಿಶುವಿಹಾರವನ್ನು ಕಡ್ಡಾಯ ಮಾಡಿತು. ದೊಡ್ಡ ಎಸ್ಟೇಟುಗಳಲ್ಲಿ ಶಿಶುವಿಹಾರಗಳು ಬಂದದ್ದು ಹೀಗೆ. ಆದರೆ ಮೂರು ನಾಲ್ಕು ಎಕರೆಯ ನಮ್ಮಂಥವರಿಗೆ ಆ ನಿಯಮ ಎಂದೂ ತಗಲಿದ್ದಲ್ಲ. ನಮ್ಮಲ್ಲಿ ಕೊಯ್ಲಿಗೆ ಬರುವ ಆಳುಗಳು ಒಂದು ತೋಟಕ್ಕೆ ಐದೋ ಆರೋ ಮಂದಿ. ಅವರ ಮಕ್ಕಳು ಕಾಫಿ ಗಿಡದ ಬುಡದಲ್ಲಿ, ಅಡಕೆ ಸುಲಿಯುವ ಚಪ್ಪರದ ಮೂಲೆಯಲ್ಲಿ ದಿನ ಕಳೆಯುತ್ತಾರೆ. ಒಬ್ಬೊಬ್ಬ ಬೆಳೆಗಾರನೂ ಶಿಶುವಿಹಾರ ನಡೆಸಲಾರ. ಆದರೆ ನೂರು ಬೆಳೆಗಾರರು ಸೇರಿ ಒಂದು ಕೋಣೆಯ ಮಾಡು ಸೋರದಂತೆ ನೋಡಿಕೊಳ್ಳಬಲ್ಲರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಸಹಕಾರ ಚಳವಳಿಗೂ ಇದು ಹೊಸತೇನಲ್ಲ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಎಂಬಲ್ಲಿ ನೇಕಾರರು ಮತ್ತಿತರ ಕೆಲಸಗಾರರು ತೆರೆದ ಅಂಗಡಿ ಕೆಲವೇ ವರ್ಷಗಳಲ್ಲಿ ಸದಸ್ಯರಿಗಾಗಿ ವಾಚನಾಲಯವನ್ನೂ ಇಟ್ಟುಕೊಂಡಿತು. ಮುಂದೆ ಲಾಭದಲ್ಲಿ ಶೇ. 2½ ಭಾಗವನ್ನು ಶಿಕ್ಷಣಕ್ಕೆಂದು ತೆಗೆದಿಟ್ಟಿತು. ನಮ್ಮ ನಾಡಿನ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಏಳು ವರ್ಷಕ್ಕೆ ಬಂದ 1912ರ ಕಾಯ್ದೆಯಲ್ಲಿ, ಲಾಭದ ಕಾಲು ಭಾಗ ಕಾಯ್ದಿಟ್ಟ ನಿಧಿಗೆ ಹೋದ ಮೇಲೆ ಉಳಿದದ್ದರಲ್ಲಿ ಶೇ. 10ರ ತನಕ ಧರ್ಮಕಾರ್ಯಕ್ಕೆ ಕೊಡಲು ಅವಕಾಶವಿತ್ತು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು ಸಮುದಾಯದ ಹಿತಚಿಂತನೆಯನ್ನು ಏಳನೆಯ ತತ್ವವಾಗಿ ಸೇರಿಸಿತು. ಆದ್ದರಿಂದ ಕೊಡಬಹುದೇ ಎಂಬ ಪ್ರಶ್ನೆ ನಮ್ಮೆದುರಿಗಿಲ್ಲ. ಹೇಗೆ ಕೊಟ್ಟರೆ ಕೊಟ್ಟದ್ದು ನಿಲ್ಲುತ್ತದೆ ಎಂಬುದೇ ಪ್ರಶ್ನೆ.

ದುರಸ್ತಿಯೋ, ಹೊಸದೋ?

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಬೆಲೆ ಚೆನ್ನಾಗಿದ್ದ ಕಾಲದಲ್ಲಿ, ಊರಿನ ಒಂದು ಸಭಾಭವನಕ್ಕೆ ನಮ್ಮ ಸಂಘದಿಂದ ದೊಡ್ಡ ಮೊತ್ತ ಕೊಟ್ಟೆವು. ಹಾರ ಹಾಕಿಸಿಕೊಂಡೆವು, ಫೋಟೋ ತೆಗೆಸಿಕೊಂಡೆವು. ವಿದ್ಯುತ್ ಬಿಲ್ಲು ಯಾರು ಕಟ್ಟುತ್ತಾರೆ, ಬೀಗದ ಕೈ ಯಾರ ಹತ್ತಿರ, ವಾರದಲ್ಲಿ ಎಷ್ಟು ದಿನ ಬಾಗಿಲು ತೆರೆಯುತ್ತದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಇಂದು ಅದು ವರ್ಷಕ್ಕೆ ನಾಲ್ಕು ಸಲ ತೆರೆದರೆ ಹೆಚ್ಚು. ತಾರಸಿ ಸೋರಿ, ಅದರ ಮೇಲೆ ತಗಡಿನ ಮಾಡು ಹೊದಿಸಲು ಇನ್ನೊಂದು ಸುತ್ತಿನ ಹಣ ಖರ್ಚಾಯಿತು. ಆಗುಂಬೆಯಂಥಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಚಪ್ಪಟೆ ತಾರಸಿ ಕಟ್ಟುವುದು, ಆಮೇಲೆ ಅದಕ್ಕೆ ಕೊಡೆ ಹಿಡಿಯುವುದು ಎಷ್ಟು ಊರುಗಳಲ್ಲಿ ನಡೆದಿಲ್ಲ!

ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕಡೆಗೆ ಬಂದ ಇಳಿಜಾರು ಹೆಂಚಿನ ಮಾಡು ಈ ಮಳೆಗೆ ಹೇಳಿ ಮಾಡಿಸಿದ್ದು. ಗೋಡೆ ಮತ್ತು ತಳಪಾಯ ಗಟ್ಟಿಯಿದ್ದರೆ ಒರಲೆ ತಿಂದ ಪಕಾಸು ರೀಪು ಬದಲಾಯಿಸಿ, ಒಡೆದ ಹೆಂಚು ತೆಗೆದು ಹೊಸದು ಹಾಕಿದರೆ ಕಟ್ಟಡ ಇನ್ನೊಂದು ತಲೆಮಾರು ಬಾಳುತ್ತದೆ. ಆದ್ದರಿಂದ ಮೊದಲು ಒಬ್ಬ ಎಂಜಿನಿಯರಿಂದ ಎರಡು ಅಂದಾಜು ಪಟ್ಟಿ ಮಾಡಿಸತಕ್ಕದ್ದು, ದುರಸ್ತಿಯದೊಂದು, ಹೊಸ ಕಟ್ಟಡದ್ದೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ತೀರ್ಮಾನ ಮಾಡಬೇಕು.

ಕಟ್ಟಡ ಬಳಸುವವರನ್ನೂ ಕೇಳಬೇಕು. ನಾವು ವಿಚಾರಿಸಲು ಹೋದಾಗ ಮಹಿಳಾ ಸಮಾಜದ ಅಧ್ಯಕ್ಷೆಯವರು ಹೇಳಿದ ಮಾತು ಇಷ್ಟೆ: "ಸೆಕ್ರೆಟರಿಗಳೇ, ನಮಗೆ ದೊಡ್ಡ ಕಟ್ಟಡ ಬೇಡ. ಈ ಮಾಡು ಸೋರದ ಹಾಗೆ ಮಾಡಿಕೊಡಿ. ಹೆಂಗಸರಿಗೆ ಒಂದು ಪಾಯಿಖಾನೆ, ಲಸಿಕೆ ಹಾಕುವ ದಿನ ತಾಯಂದಿರು ಕೂರಲಿಕ್ಕೆ ಒಂದು ಜಗಲಿ. ಇಷ್ಟಾದರೆ ಸಾಕು." ನಮ್ಮ ತಲೆಯಲ್ಲಿದ್ದ ಭವ್ಯ ಭವನ ಅಲ್ಲಿಗೆ ಇಳಿದುಹೋಯಿತು.

ಮೊದಲು ಕಾಗದ ಪತ್ರ

ಹಣ ಕೇಳಲು ಹೊರಟವರು ಸೋಲುವುದು ಹೆಚ್ಚಾಗಿ ಜಾಗದ ದಾಖಲೆಯಲ್ಲಿ. ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗ, ಕುಮ್ಕಿ, ಬಾಣೆ, ಗೋಮಾಳ, ಹೀಗೆ ನಮ್ಮ ಎಷ್ಟೋ ಸೇವಾ ಕಟ್ಟಡಗಳು ನಿಂತಿರುವ ನೆಲ ಯಾರದೆಂದು ಕೇಳಿದರೆ ಉತ್ತರವಿಲ್ಲ. ಖಾಸಗಿ ಜಾಗವಾದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಇಬ್ಬರು ಸಾಕ್ಷಿಗಳ ರುಜುವಿರುವ ನೋಂದಾಯಿತ ದಾನಪತ್ರವಿಲ್ಲದೆ ಸ್ಥಿರಾಸ್ತಿಯ ದಾನ ಊರ್ಜಿತವಾಗದು. ಕೊಟ್ಟ ಹಿರಿಯರು ಇರುವಾಗಲೇ ಇದನ್ನು ಮಾಡಿಸಿಕೊಳ್ಳದಿದ್ದರೆ ಮುಂದೆ ಅವರ ಮಕ್ಕಳೆಲ್ಲರನ್ನೂ ಒಟ್ಟುಗೂಡಿಸಬೇಕಾಗುತ್ತದೆ. ಸರ್ಕಾರಿ ಜಾಗವಾದರೆ ತಹಶೀಲ್ದಾರರ ಕಚೇರಿಯ ಮೂಲಕ ಮಂಜೂರಾತಿ ಪಡೆಯತಕ್ಕದ್ದು.

ಎರಡನೆಯದು, ಸಂಸ್ಥೆಯ ನೋಂದಣಿ. ಮಹಿಳಾ ಸಮಾಜ, ಯುವಕ ಮಂಡಲಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡರೆ ಸಾಲದು. ವರ್ಷ ವರ್ಷವೂ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಹಲವು ವರ್ಷ ಸಲ್ಲಿಸದ ಸಂಸ್ಥೆಯ ಅರ್ಜಿಯನ್ನು ಯಾರೂ ಮುಟ್ಟುವುದಿಲ್ಲ. ಈ ಬರವಣಿಗೆಯಲ್ಲಿ ನಮ್ಮ ಕಚೇರಿಯ ಗುಮಾಸ್ತರು ನೆರವಾಗಬಲ್ಲರು. ಇದು ಹಣವಲ್ಲದಿದ್ದರೂ ಹಣಕ್ಕಿಂತ ಹೆಚ್ಚಿನ ಉಪಕಾರ.

ಹಣ ಬರುವ ದಾರಿಗಳು

1. ಗ್ರಾಮ ಪಂಚಾಯಿತಿ. ಕೆಲಸವು ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಅದಕ್ಕೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ, ಮಾತು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಗ್ರಾಮಸಭೆಗೆ ಹೋಗದೆ ಜಗಲಿಯ ಮೇಲೆ ಕುಳಿತು ಪಂಚಾಯಿತಿಯನ್ನು ಬೈಯುವುದರಿಂದ ಹೆಂಚು ಬರುವುದಿಲ್ಲ. 2023ರಲ್ಲಿ ರಾಜ್ಯ ಸರ್ಕಾರವು ದುಡಿಯುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು ಪ್ರಕಟಿಸಿತು. ಇಂಥ ಯೋಜನೆ ಬಂದಾಗ ಅಧಿಕಾರಿಗಳು ಮೊದಲು ಕೇಳುವುದು, 'ಸುಸ್ಥಿತಿಯ ಕೋಣೆ ಇದೆಯೇ?' ಎಂದು. ಮಾಡು ಗಟ್ಟಿಯಿರುವ ಊರಿಗೆ ಯೋಜನೆಯೂ ಮೊದಲು ಬರುತ್ತದೆ.

2. ಸಂಸದರ ಮತ್ತು ಶಾಸಕರ ನಿಧಿ. 1993ರಲ್ಲಿ ಆರಂಭವಾದ ಸಂಸದರ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂ. ನಿಗದಿಯಾಗಿದೆ. ದೊಡ್ಡ ಮೊತ್ತವೆಂದು ತೋರಬಹುದು. ಆದರೆ ನಮ್ಮ ರಾಜ್ಯದಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು. ಹಂಚಿದರೆ ಒಂದಕ್ಕೆ 62½ ಲಕ್ಷ. ಅದರಲ್ಲಿ ಎಷ್ಟು ಊರುಗಳೆಂದು ನೀವೇ ಲೆಕ್ಕ ಹಾಕಿ. ಸಂಸದರು ಶಿಫಾರಸು ಮಾಡುವವರು, ಮಂಜೂರು ಮಾಡುವುದು ಜಿಲ್ಲಾಡಳಿತ. ಕೆಲಸ ಸಾರ್ವಜನಿಕ ಉಪಯೋಗದ್ದಾಗಿರಬೇಕು. ಪೂಜಾಸ್ಥಳಗಳಿಗೆ ಈ ಹಣ ಸಲ್ಲದು.

3. ಕಂಪನಿಗಳ ಸಾಮಾಜಿಕ ಹೊಣೆಯ ಹಣ. 2013ರ ಕಂಪನಿ ಕಾಯ್ದೆಯಂತೆ ಒಂದು ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ನಮ್ಮ ಸಹಕಾರ ಸಂಘ ಕಂಪನಿಯಲ್ಲವಾದ್ದರಿಂದ ಈ ನಿಯಮ ನಮಗಿಲ್ಲ. ಆದರೆ ನಮ್ಮ ಕಾಫಿ, ಮೆಣಸು ಕೊಳ್ಳುವ ದೊಡ್ಡ ಕಂಪನಿಗಳನ್ನು ಕೇಳುವುದರಲ್ಲಿ ತಪ್ಪಿಲ್ಲ. 2021ರ ಏಪ್ರಿಲ್ 1ರಿಂದ ಇಂಥ ಕೆಲಸ ವಹಿಸಿಕೊಳ್ಳುವ ಸಂಸ್ಥೆಗಳು ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಗಿದೆ. ಸಣ್ಣ ಮಹಿಳಾ ಸಮಾಜಕ್ಕೆ ಇದು ಕಷ್ಟ. ಈಗಾಗಲೇ ನೋಂದಣಿಯಿರುವ ವಿಶ್ವಸ್ಥ ಸಂಸ್ಥೆಯೊಂದರ ಮೂಲಕ ಹೋಗುವುದು ಸುಲಭ.

4. ನಮ್ಮ ಸಂಘದ ಲಾಭ. 1959ರ ನಮ್ಮ ರಾಜ್ಯದ ಸಹಕಾರ ಕಾಯ್ದೆಯಂತೆ ನಿವ್ವಳ ಲಾಭದ ಕನಿಷ್ಠ ಶೇ. 25 ಕಾಯ್ದಿಟ್ಟ ನಿಧಿಗೆ, ನಿಗದಿಯಾದ ಪಾಲು ಸಹಕಾರ ಶಿಕ್ಷಣ ನಿಧಿಗೆ ಹೋಗಲೇಬೇಕು. ಉಳಿದದ್ದರಲ್ಲಿ ಉಪವಿಧಿಗಳಿಗೆ ಒಳಪಟ್ಟು, ಮಹಾಸಭೆಯ ಒಪ್ಪಿಗೆಯಿಂದ ಮಾತ್ರ ಇಂಥ ಕೆಲಸಕ್ಕೆ ಕೊಡಬಹುದು. ಕಾಯ್ದಿಟ್ಟ ನಿಧಿಯನ್ನು ಎಂದಿಗೂ ಮುಟ್ಟಬಾರದು. ಕೊಳೆ ರೋಗ ಬಂದ ವರ್ಷ, ಬೆಲೆ ಬಿದ್ದ ವರ್ಷ ನಮ್ಮನ್ನು ಕಾಯುವುದು ಅದೊಂದೇ.

5. ಬೆಳೆಗಾರರ ವಂತಿಗೆ. ಉದಾಹರಣೆಗೆ, ನಾನೂರು ಸದಸ್ಯರು ಸರಾಸರಿ ಐದು ಕ್ವಿಂಟಾಲ್ ಅಡಕೆಯನ್ನು ಸಂಘದ ಮೂಲಕ ಮಾರುತ್ತಾರೆಂದಿಟ್ಟುಕೊಳ್ಳಿ. ಕ್ವಿಂಟಾಲಿಗೆ ಹತ್ತು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 20,000 ರೂ. ಇದನ್ನು ಹಿಂದಿನ ಮಂಡಿಗಳ ಧರ್ಮಾದಾಯದಂತೆ ಕೇಳದೆ ಮುರಿದುಕೊಳ್ಳುವಂತಿಲ್ಲ. ಸದಸ್ಯನು ಬರಹದಲ್ಲಿ ಒಪ್ಪಿದರೆ ಮಾತ್ರ, ರಸೀದಿ ಕೊಟ್ಟೇ ಪಡೆಯಬೇಕು. ಹಣ ಕೊಡಲಾಗದವರು ಮರಳು, ಕಲ್ಲು, ಒಂದು ದಿನದ ಟ್ರ್ಯಾಕ್ಟರ್, ಎರಡು ಆಳು ಕೊಡಬಹುದು. ಅದನ್ನೂ ಆ ದಿನದ ದರದಲ್ಲಿ ಲೆಕ್ಕ ಕಟ್ಟಿ ಪುಸ್ತಕದಲ್ಲಿ ಬರೆಯತಕ್ಕದ್ದು. ನಮ್ಮಲ್ಲಿ ಬಹುಪಾಲು ಜನರದ್ದು ಕೃಷಿ ಆದಾಯವಾದ್ದರಿಂದ ತೆರಿಗೆ ರಿಯಾಯಿತಿಯ ಆಸೆ ತೋರಿಸಿ ನಾವು ಯಾರನ್ನೂ ಕೇಳುವುದಿಲ್ಲ.

ಕಟ್ಟಿದ ಮೇಲೆ ಯಾರು?

ಈ ವಿಷಯದಲ್ಲಿ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರ ಕರಾರು ನೆನಪಿಡತಕ್ಕದ್ದು. ಅವರ ಹಣದಿಂದ ಬೇರೆ ಬೇರೆ ದೇಶಗಳಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಸಾಮಾನ್ಯವಾಗಿ ಅವರು ವಿಧಿಸುತ್ತಿದ್ದ ಷರತ್ತು ಎರಡು: ಜಾಗ ಊರಿನವರು ಕೊಡಬೇಕು, ತಾವು ಕೊಟ್ಟ ಮೊತ್ತದ ಹತ್ತನೆಯ ಒಂದು ಭಾಗವನ್ನು ಊರಿನವರು ಪ್ರತಿ ವರ್ಷ ನಿರ್ವಹಣೆಗೆ ತೆಗೆದಿಡಬೇಕು. ಇದಕ್ಕೆ ಒಪ್ಪದ ಊರಿಗೆ ಹಣವಿಲ್ಲ. ಅಷ್ಟು ದೊಡ್ಡ ಶ್ರೀಮಂತರೇ ಈ ಲೆಕ್ಕ ಕೇಳಿದ್ದಾರೆಂದ ಮೇಲೆ ನಾವು ಕೇಳಲು ನಾಚಬೇಕಾಗಿಲ್ಲ.

ನಿರ್ವಹಣೆಯೆಂದರೆ ಬೋರ್ಡೋ ದ್ರಾವಣ ಹೊಡೆದಂತೆ. ಮಳೆಗೆ ಮೊದಲೇ ಆಗಬೇಕು. ಗೊನೆ ಉದುರತೊಡಗಿದ ಮೇಲೆ ದೋಟಿ ಹಿಡಿದು ಓಡಿದರೆ ಫಲವಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಹೆಂಚು ತಿರುವುವುದು, ಮರಮಟ್ಟಿಗೆ ಒರಲೆ ಎಣ್ಣೆ ಬಳಿಯುವುದು, ನೀರಿನ ಕಾಲುವೆ ಬಿಡಿಸುವುದು: ಇಷ್ಟಕ್ಕೆ ಹಣ ಗೊತ್ತಾಗಿರಬೇಕು. ಆದ್ದರಿಂದ ಸದಸ್ಯರ ವಂತಿಗೆಯನ್ನು ಕಟ್ಟುವ ಕೆಲಸಕ್ಕೆ ಖರ್ಚು ಮಾಡದೆ, ಈ ನಿರ್ವಹಣೆಗೆಂದೇ ಪ್ರತ್ಯೇಕ ಖಾತೆಯಲ್ಲಿಡುವುದು ಒಳ್ಳೆಯದೆಂದು ನಮ್ಮ ಸಲಹೆ.

ಮಹಾಸಭೆಯ ಮುಂದೆ

ಆಡಳಿತ ಮಂಡಳಿಯ ಪರವಾಗಿ ನಾವು ಇಡಲಿರುವ ಸೂಚನೆ ಹೀಗಿದೆ. ಹೊಸ ಕಟ್ಟಡದ ಯೋಚನೆ ಬಿಡುವುದು. ಹಳೆಯದರ ಮಾಡು ದುರಸ್ತಿ, ಪಾಯಿಖಾನೆ, ಜಗಲಿ, ಈ ಮೂರಕ್ಕೆ ಮಾತ್ರ ಅಂದಾಜು ಪಟ್ಟಿ ಮಾಡಿಸುವುದು. ಮಹಿಳಾ ಸಮಾಜ ಜಾಗದ ದಾಖಲೆ ಸರಿಪಡಿಸಿಕೊಂಡ ಮೇಲೆ, ಒಟ್ಟು ವೆಚ್ಚದ ನಾಲ್ಕನೆಯ ಒಂದು ಪಾಲನ್ನು ಸಂಘ ಕೊಡುವುದು. ಉಳಿದದ್ದನ್ನು ಪಂಚಾಯಿತಿ ಮತ್ತು ಇತರ ಮೂಲಗಳಿಂದ ಕೂಡಿಸುವುದು. ನಮ್ಮ ಪಾಲು ಕೆಲಸ ನಡೆದಂತೆ ಕಂತಿನಲ್ಲಿ ಸಲ್ಲತಕ್ಕದ್ದು. ಕೊಯ್ಲಿನ ಮೂರು ತಿಂಗಳು ಅಂಗನವಾಡಿಯ ವೇಳೆ ಮುಗಿದ ಮೇಲೂ ಸಂಜೆ ಐದರ ತನಕ ಆಳುಗಳ ಮಕ್ಕಳನ್ನು ಅಲ್ಲೇ ನೋಡಿಕೊಳ್ಳುವ ಏರ್ಪಾಡಿಗೆ ಮಹಿಳಾ ಸಮಾಜದವರು ತಾತ್ವಿಕವಾಗಿ ಒಪ್ಪಿದ್ದಾರೆ.

ಇದನ್ನು ವಿರೋಧಿಸುವವರು ದಯವಿಟ್ಟು ಸಭೆಗೆ ಬಂದೇ ವಿರೋಧಿಸಿ. ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿಕೊಡಿ, ತಿದ್ದಿಕೊಳ್ಳುತ್ತೇವೆ. ಬರುವ ಮೃಗಶಿರೆ ಮಳೆ ಹಿಡಿಯುವ ಮೊದಲು ಮಾಡಿಗೆ ಹೆಂಚು ಕೂರಬೇಕೆಂಬುದು ನಮ್ಮ ಆಸೆ. ಗೋದಾಮಿನಲ್ಲಿ ಚೀಲಗಳೇ ಇರಲಿ, ಮಕ್ಕಳು ಮಕ್ಕಳಿರುವ ಜಾಗದಲ್ಲಿರಲಿ.

— ಕಾರ್ಯದರ್ಶಿ